ನಡೆಯುವವರಿಗೆ ಆರಡಿ

ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಮಂದಿಗೆ ‘ನಡೀರಿ’ ಎಂದು ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹಳ್ಳಿಯವರು ಚೀಲ ಹೆಗಲಿಗೇರಿಸಿ ಬಜಾರಕ್ಕೆ ನಡೆಯುತ್ತಾರೆ. ಬಜಾರದಿಂದ ದವಾಖಾನೆಗೆ, ಅಲ್ಲಿಂದ ಕಚೇರಿಗೆ, ಕೆಲಸ ಮುಗಿದರೆ ಮತ್ತೆ ಬಸ್‌ಸ್ಟ್ಯಾಂಡಿಗೆ. 2011ರ ಜನಗಣತಿಯಲ್ಲಿ 36 ಸಾವಿರ ದಾಟಿದ್ದ ಊರಿದು. ಪೇಟೆಯ ನಟ್ಟನಡುವೆ ನಿಂತು ಸುತ್ತ ಎರಡು ಕಿಲೋಮೀಟರ್ ಗೆರೆ ಎಳೆದರೆ ಸೋಮೇಶ್ವರ ಗುಡಿ, ಶಂಖ ಬಸದಿ, ಜಾಮಿಯಾ ಮಸೀದಿ, ಶಾಲೆ, ಪುರಸಭೆ, ಮಂದಿಯ ಮನೆಗಳು ಬಹುಪಾಲು ಅದರೊಳಗೇ ಬೀಳುತ್ತವೆ. ನಡೆದರೆ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಸೈಕಲ್ ಹೊಡೆದರೆ ಎಂಟು ನಿಮಿಷ. ಪ್ಯಾರಿಸ್ಸಿನಂಥ ಮಹಾನಗರಗಳು ಇಂಥದ್ದಕ್ಕೆ ‘15 ನಿಮಿಷದ ನಗರ’ ಎಂದು ಹೆಸರಿಟ್ಟು ಈಗ ಕಟ್ಟಲು ಹೊರಟಿವೆ.

ಇಲ್ಲಿ ಎಲ್ಲವೂ ನಡಿಗೆಯ ದೂರದಲ್ಲಿರುವುದಕ್ಕೆ ಕಾರಣ ಊರಿನ ವಯಸ್ಸು. ಪುಲಿಗೆರೆ ಎಂಬ ಹೆಸರಿದ್ದ ಕಾಲಕ್ಕೇ ಇದು ಪುಲಿಗೆರೆ-300 ನಾಡಿನ ಮುಖ್ಯ ಪಟ್ಟಣ. ಗುಡಿ, ಬಸದಿ, ಮಸೀದಿ, ಪೇಟೆ ಎಲ್ಲ ಎದ್ದದ್ದು ಮನುಷ್ಯನ ಕಾಲು ಮತ್ತು ಎತ್ತಿನ ಗಾಡಿಯ ಅಳತೆಗೆ. ಹಳೆಯ ಓಣಿಗಳು ಕಿರಿದು. ಮಟಮಟ ಮಧ್ಯಾಹ್ನ ಬಿಟ್ಟರೆ ಉಳಿದ ಹೊತ್ತು ಯಾವುದಾದರೊಂದು ಮಗ್ಗುಲಿಗೆ ನೆರಳು ಇದ್ದೇ ಇರುತ್ತದೆ. ಅಂಥ ಓಣಿಯಲ್ಲಿ ಎದುರಾದವರನ್ನು ಮಾತಾಡಿಸದೆ ಮುಂದೆ ಹೋಗುವುದು ಆಗದ ಮಾತು.

ಹಾಗಿದ್ದೂ ಅರ್ಧ ಲೀಟರ್ ಹಾಲು ತರಲು ಬೈಕ್ ಬೇಕು. ಮಗುವನ್ನು ನಾಲ್ಕು ಓಣಿ ಆಚೆಯ ಶಾಲೆಗೆ ಬಿಡಲು ಸ್ಕೂಟಿ ಬೇಕು. ಬೆಳಗಿನ ಜಾವ ವಾಕಿಂಗ್ ಮಾಡಲು ಮೈದಾನದವರೆಗೂ ಗಾಡಿಯ ಮೇಲೆ ಹೋಗಿ, ಅಲ್ಲಿ ಆರು ಸುತ್ತು ಹಾಕಿ, ಗಾಡಿಯ ಮೇಲೇ ಮನೆಗೆ ಬರುವವರು ಈಗ ಎಲ್ಲ ಊರಿನಲ್ಲೂ ಇದ್ದಾರೆ. ಇವರನ್ನು ನೋಡಿ ನಗುವುದು ಸುಲಭ. ಆದರೆ ಅವರು ಮೈಗಳ್ಳರಲ್ಲ. ಮನೆಯಿಂದ ಮೈದಾನದವರೆಗಿನ ರಸ್ತೆಯಲ್ಲಿ ನಡೆಯುವುದಕ್ಕಿಂತ ಗಾಡಿಯ ಮೇಲೆ ಕೂತಿರುವುದೇ ಕ್ಷೇಮ ಎಂದು ಅವರಿಗೆ ಗೊತ್ತಾಗಿದೆ, ಅಷ್ಟೆ. ನಡಿಗೆ ಮೈದಾನದೊಳಗಿನ ಕಾರ್ಯಕ್ರಮವಾಗಿ ಉಳಿದದ್ದು ಹೀಗೆ.

ಆರೋಗ್ಯದ ಲೆಕ್ಕ ಇಲ್ಲೇ ತಪ್ಪುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಹೇಳಿದ್ದು, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೈಗೆ ಬೇಕಾದಷ್ಟು ಚಲನೆ ಕೊಡುತ್ತಿಲ್ಲ ಎಂದು. ಆ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅದೂ ಬಿರುಸಾದ ನಡಿಗೆಯಂಥ ಸಾಧಾರಣ ಶ್ರಮ. ಮನೆಯಿಂದ ಒಂದು ಕಿಲೋಮೀಟರ್ ದೂರದ ಅಂಗಡಿಗೆ ದಿನಕ್ಕೊಮ್ಮೆ ಬೀಸು ಹೆಜ್ಜೆಯಲ್ಲಿ ಹೋಗಿ ಬಂದರೆ ವಾರದೊಳಗೆ ಅದು ತಾನಾಗಿ ತುಂಬುತ್ತದೆ. ಟ್ರ್ಯಾಕ್ ಸೂಟ್ ಬೇಡ, ಅಲಾರಾಂ ಬೇಡ.

ಊಟವಾದ ಮೇಲಿನ ನಡಿಗೆಗೆ ಇನ್ನೊಂದು ಗುಣವಿದೆ. ಕಾಲಿನ ಸ್ನಾಯುಗಳು ದೇಹದಲ್ಲೇ ದೊಡ್ಡವು. ಅವು ದುಡಿಯುತ್ತಿರುವಾಗ ಇನ್ಸುಲಿನ್ ಕಡಿಮೆಯಿದ್ದರೂ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳಬಲ್ಲವು. ರಾತ್ರಿ ಉಂಡು ಹತ್ತು-ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡುತ್ತಿದ್ದ ಹಿರಿಯರು ಇನ್ಸುಲಿನ್ ಹೆಸರು ಕೇಳಿರಲಿಕ್ಕಿಲ್ಲ, ಕೆಲಸವಂತೂ ಆಗುತ್ತಿತ್ತು.

ಇಲ್ಲಿ ಒಂದು ಅನ್ಯಾಯವನ್ನೂ ಹೇಳಬೇಕು. ಡಾಕ್ಟರು ‘ದಿನಾ ನಡೀರಿ’ ಎಂದು ಚೀಟಿ ಬರೆಯುವುದು ಅಂಗಡಿಯಲ್ಲಿ ಕೂತವರಿಗೆ, ಕಚೇರಿಯಲ್ಲಿ ಕೂತವರಿಗೆ. ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಂಗಸು, ಮನೆಗೆಲಸಕ್ಕೆ ಓಣಿಯಿಂದ ಓಣಿಗೆ ತಿರುಗುವವಳು, ಕೊಡಗಳನ್ನು ಇಳಿಬಿಟ್ಟ ಸೈಕಲ್ಲನ್ನು ನಳದಿಂದ ಮನೆಗೆ ನೂಕುವ ಹುಡುಗ – ಇವರೆಲ್ಲ ಚೀಟಿಯಿಲ್ಲದೇ ನಡೆಯುವವರು. ಲಾರಿ ಮೈಸವರಿ ಹೋಗುವುದು ಇವರನ್ನೇ. ‘ಆರೋಗ್ಯಕ್ಕಾಗಿ ನಡಿಗೆ’ ಎಂಬ ಜಾಥಾದಲ್ಲಿ ಬ್ಯಾನರ್ ಹಿಡಿದು ನಿಂತವರಲ್ಲಿ ಇವರು ಕಾಣುವುದಿಲ್ಲ. 2011ರ ಜನಗಣತಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತು; ಬೇಸಾಯ ಬಿಟ್ಟು ಬೇರೆ ದುಡಿಮೆಯಲ್ಲಿರುವವರಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ನಡೆದು, ಎರಡೂವರೆ ಕೋಟಿಗೂ ಹೆಚ್ಚು ಜನ ಸೈಕಲ್ಲಿನಲ್ಲಿ ಎಂದರು. ದೇಶ ಇನ್ನೂ ಬಹಳಷ್ಟು ಕಾಲಮೇಲೆಯೇ ಇದೆ. ರಸ್ತೆಯನ್ನು ಮಾತ್ರ ಅವರನ್ನು ಮರೆತು ಕಟ್ಟಿದ್ದೇವೆ.

ಸೈಕಲ್ಲಿನ ಕತೆ ಬೇರೆ. ಉತ್ತರ ಕರ್ನಾಟಕದ ಯಾವ ಪೇಟೆಯಲ್ಲೂ ಮೂವತ್ತು ವರ್ಷದ ಹಿಂದೆ ಬಾಡಿಗಿ ಸೈಕಲ್ ಅಂಗಡಿಗೆ ಕೊರತೆಯಿರಲಿಲ್ಲ. ತಾಸಿನ ಲೆಕ್ಕಕ್ಕೆ ಬಾಡಿಗೆ. ಹೆಸರು ಬರೆಸಿ ಒಯ್ಯುವುದು, ತಡವಾದರೆ ಬೈಗುಳ ತಿನ್ನುವುದು. ಸೀಟಿಗೆ ಕಾಲು ಎಟುಕದ ಹುಡುಗರು ನಡುವಿನ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತರು. ವರದಕ್ಷಿಣೆಯ ಪಟ್ಟಿಯಲ್ಲಿ ಕೈಗಡಿಯಾರ, ರೇಡಿಯೊ ಜತೆ ಸೈಕಲ್ಲೂ ಇತ್ತು. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದರು. ತೆರಿಗೆ ಹಾಕಿಸಿಕೊಳ್ಳುವಷ್ಟು ಮರ್ಯಾದೆ ಸೈಕಲ್ಲಿಗಿತ್ತು ಎಂದು ಈಗ ಅನ್ನಿಸುತ್ತದೆ.

ಅದಕ್ಕೆ ಮರುಜೀವ ಬಂದದ್ದು 2006-07ರಲ್ಲಿ. ರಾಜ್ಯ ಸರ್ಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು, ಮುಂದೆ ಗಂಡುಮಕ್ಕಳಿಗೂ ವಿಸ್ತರಿಸಿತು. ಬಡ ಮನೆಯ ಹುಡುಗಿಗೆ ತನ್ನದೇ ಎನ್ನುವ ಮೊದಲ ಆಸ್ತಿ ಅದು. ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿದ ಮೇಲೆ ಹೈಸ್ಕೂಲು ಐದಾರು ಕಿಲೋಮೀಟರ್ ಆಚೆ. ನಡೆದರೆ ದೂರ, ಬಸ್ಸು ಬೆಳಗಿಗೊಂದು ಸಂಜೆಗೊಂದು. ಶಿಗ್ಲಿ, ರಾಮಗೇರಿ, ದೊಡ್ಡೂರಿನಂಥ ಊರುಗಳ ನಡುವಿನ ದಾರಿಯನ್ನು ನೋಡಿದವರಿಗೆ ಈ ಅಂತರ ಏನೆಂದು ಗೊತ್ತು. ಅದೇ ವರ್ಷ ಬಿಹಾರವೂ ಇಂಥದೇ ಯೋಜನೆ ತಂದಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಹುಡುಗರಿಗೂ ಹುಡುಗಿಯರಿಗೂ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಎರಡು ಗಾಲಿ ಮಾಡಿದ ಕೆಲಸ ಅದು.

ಕರ್ನಾಟಕದಲ್ಲಿ 2020ರಲ್ಲಿ ಕೋವಿಡ್ ಬಂತು, ಶಾಲೆ ಮುಚ್ಚಿದವು, ಸೈಕಲ್ ನಿಂತಿತು. ಶಾಲೆ ತೆರೆದವು, ಸೈಕಲ್ ಬರಲಿಲ್ಲ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತಲ್ಲ, ಇನ್ನು ಸೈಕಲ್ ಯಾಕೆ ಎಂದು ಕೇಳುವವರಿದ್ದಾರೆ. ಬಸ್ಸಿಲ್ಲದ ಹೊತ್ತಿಗೆ, ಬಸ್ ನಿಲ್ಲದ ಊರಿಗೆ ಸೈಕಲ್ಲೇ ಗತಿ ಎಂಬುದು ಒಂದು ಉತ್ತರ. ಇನ್ನೊಂದು, ಬಸ್ಸಿನ ಪ್ರತಿ ಪ್ರಯಾಣಿಕಳೂ ಹತ್ತುವ ಮುಂಚೆ ಮತ್ತು ಇಳಿದ ಮೇಲೆ ಪಾದಚಾರಿಯೇ. ಬಸ್ ಉಚಿತವಾದಷ್ಟೂ ನಡೆಯುವವರು ಹೆಚ್ಚಾದರು. ಬಸ್‌ಸ್ಟ್ಯಾಂಡಿನ ಹೊರಗೆ ಅವರು ಕಾಲಿಡುವ ಜಾಗ ಹೆಚ್ಚಾಗಲಿಲ್ಲ.

ಹುಡುಗಿಯ ಸೈಕಲ್ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮೂಲೆ ಸೇರುವುದು ಇನ್ನೊಂದು ಸಮಸ್ಯೆ. ದೊಡ್ಡ ಹುಡುಗಿ ಸೈಕಲ್ ಹೊಡೆದರೆ ಚೆಂದ ಕಾಣುವುದಿಲ್ಲ ಎಂಬ ಮಾತು ಈಗಲೂ ಇದೆ. ಅದೇ ಹುಡುಗಿ ಸ್ಕೂಟಿ ಹೊಡೆದರೆ ಯಾರೂ ತಕರಾರು ಮಾಡುವುದಿಲ್ಲ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಇದನ್ನೇ ಬುಡಮೇಲು ಮಾಡಿದರು. ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅಕ್ಷರ ಆಂದೋಲನದ ಜತೆಗೇ ಸೈಕಲ್ ಕಲಿಕೆಯನ್ನು ಸೇರಿಸಿದರು. ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಕೂಲಿಯವರು, ಅಂಗನವಾಡಿಯವರು – ಸಾವಿರಾರು ಹೆಂಗಸರು ಕಲಿತು ರಸ್ತೆಗಿಳಿದರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದ ಮೇಲೆ ದೇಶಕ್ಕೆ ತಿಳಿಯಿತು. ಕಲಿಸಿದ್ದು ಸೈಕಲ್, ಹೆಂಗಸರು ಪಡೆದದ್ದು ಗಂಡನನ್ನೋ ಬಸ್ಸನ್ನೋ ಕಾಯದೆ ಸಂತೆಗೆ ಹೋಗಿ ಬರುವ ಸ್ವಾತಂತ್ರ್ಯ.

ಗದಗ ಜಿಲ್ಲೆಗೆ ಸೈಕಲ್ ಹೊಸದಲ್ಲ. 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಗದಗ ಪಕ್ಕದ ಬಿಂಕದಕಟ್ಟಿಯ ಗುಡ್ಡದಲ್ಲಿ. ಗುಡ್ಡದ ಮೇಲಿನ ಪೋಟಿಗೆ ಟ್ರ್ಯಾಕ್ ಸಿಕ್ಕಿತು. ಶಾಲೆಗೆ ಹೋಗುವ ಸೈಕಲ್ಲಿಗೆ ರಸ್ತೆಯ ಅಂಚೂ ಇಲ್ಲ. ಅಂಚೆಂದರೆ ನಮ್ಮಲ್ಲಿ ಡಾಂಬರು ಮುಗಿದು ಅರ್ಧ ಅಡಿ ಕೆಳಗೆ ಇಳಿದ ಮಣ್ಣು, ಅದರಾಚೆ ಜಾಲಿ. ಹಿಂದಿನಿಂದ ಹಾರ್ನ್ ಕೇಳಿದರೆ ಸೈಕಲ್ಲಿನವನು ಕೆಳಗಿಳಿಯಬೇಕು, ಇಳಿದರೆ ಮುಳ್ಳು ಚುಚ್ಚಿ ಪಂಕ್ಚರ್.

ಈಗ ಊರೊಳಗಿನ ರಸ್ತೆಗೆ ಬರೋಣ, ವಿಷಯದ ಗಂಟು ಇರುವುದೇ ಅಲ್ಲಿ. ಪಾಳಾ–ಬಾದಾಮಿ ರಾಜ್ಯ ಹೆದ್ದಾರಿ ಲಕ್ಷ್ಮೇಶ್ವರವನ್ನು ಹಾದುಹೋಗುತ್ತದೆ. ಊರಿಗೆ ಇನ್ನೂ ರೈಲಿಲ್ಲ. ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಮರಳು ಎಲ್ಲವೂ ರಸ್ತೆಯ ಮೇಲೇ ಹೋಗಬೇಕು. ದೂರದೂರಿಗೆ ಹೋಗುವ ಲಾರಿಯವನಿಗೆ ಇದು ಹೆದ್ದಾರಿ; ಟ್ಯೂಷನ್ ಮುಗಿಸಿ ಮನೆಗೆ ಹೋಗುವ ಹುಡುಗಿಗೆ ಇದೇ ಪೇಟೆ ಬೀದಿ. ಎರಡನ್ನೂ ಒಂದೇ ಡಾಂಬರಿನ ಮೇಲೆ ಬಿಟ್ಟಿದ್ದೇವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು; ಅದರಲ್ಲಿ 32,825 ಮಂದಿ ನಡೆಯುತ್ತಿದ್ದವರು. ವೇಗದ ಪಾಲು ಇದರಲ್ಲಿ ಎಷ್ಟೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ: ವಾಹನಗಳ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ. ರಸ್ತೆ ಅಗಲ ಮಾಡಿ ನುಣ್ಣಗೆ ಡಾಂಬರು ಬಳಿದರೆ ಮೊದಲು ಏರುವುದೇ ವೇಗ. ‘ರಸ್ತೆ ಅಭಿವೃದ್ಧಿ’ ಎಂಬ ಭೂಮಿಪೂಜೆಯ ಫಲಕದಲ್ಲಿ ಇದು ಬರೆದಿರುವುದಿಲ್ಲ.

ಇನ್ನು ಫುಟ್‌ಪಾತ್. ನಮ್ಮ ಸಣ್ಣ ಊರುಗಳಲ್ಲಿ ಫುಟ್‌ಪಾತ್ ಎಂದರೆ ಗಟಾರದ ಮೇಲಿನ ಹಾಸುಗಲ್ಲು, ಇಲ್ಲವೇ ಕಾಂಕ್ರೀಟ್ ಸ್ಲ್ಯಾಬು. ನಡೆಯುವವರ ಸಲುವಾಗಿ ಕಟ್ಟಿದ್ದಲ್ಲ, ಗಟಾರ ಮುಚ್ಚಲು ಹಾಕಿದ್ದು. ಒಂದೆಡೆ ಮೊಳಕಾಲೆತ್ತರ, ಮುಂದಿನ ಅಂಗಡಿಯೆದುರು ಇಳಿಜಾರು, ಅದರ ಮುಂದೆ ಸ್ಲ್ಯಾಬೇ ಇಲ್ಲ. ನಡುವೆ ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಬೋರ್ಡು, ನಿಲ್ಲಿಸಿದ ಬೈಕುಗಳ ಸಾಲು. ಸೀರೆ ಉಟ್ಟ ವಯಸ್ಸಾದವರು ಇದನ್ನು ಹತ್ತಿ ಇಳಿಯುವ ಬದಲು ರಸ್ತೆಯ ಮೇಲೇ ನಡೆಯುತ್ತಾರೆ. ಆಮೇಲೆ ಫುಟ್‌ಪಾತ್ ಯಾರೂ ಬಳಸುವುದಿಲ್ಲ ಎಂದು ನಾವೇ ಹೇಳುತ್ತೇವೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ನಿಯಮಾವಳಿಯಲ್ಲಿ ಇದಕ್ಕೆಲ್ಲ ಅಳತೆಯಿದೆ. ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್, ಅಂದರೆ ಹೆಚ್ಚುಕಡಿಮೆ ಆರಡಿ. ತಲೆಯ ಮೇಲೆ 2.2 ಮೀಟರ್ ತೆರಪು. ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು. ಆರಡಿಯಲ್ಲಿ ಇಬ್ಬರು ಎದುರಾಬದುರು ದಾಟಬಹುದು, ಗಾಲಿಕುರ್ಚಿ ಹೋಗಬಹುದು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಡೆಯಲು ಯೋಗ್ಯವಾದ, ಒತ್ತುವರಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ, ಅದು ಅಂಗವಿಕಲರಿಗೂ ದಕ್ಕುವಂತಿರಬೇಕು ಎಂದಿತು.

ಲಕ್ಷ್ಮೇಶ್ವರದ ಸೀಮೆಗೆ ಇನ್ನೊಂದು ಮಾತು ಸೇರಿಸಬೇಕು, ಅದು ಮಣ್ಣಿನದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಪೇವರ್ ಇಟ್ಟಿಗೆ ಹಾಸಿದರೆ ಎರಡನೆಯ ಮಳೆಗಾಲಕ್ಕೆ ಒಂದು ಎದ್ದು ಇನ್ನೊಂದು ಕುಸಿದಿರುತ್ತದೆ. ಕೆಳಗಿನ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿದರೆ ನಿಲ್ಲುತ್ತದೆ. ಊರಿನ ಯಾವ ಗೌಂಡಿಯನ್ನು ಕೇಳಿದರೂ ಇದನ್ನು ಹೇಳುತ್ತಾನೆ.

ಅಳತೆಯಿದೆ, ತೀರ್ಪಿದೆ, ಗೌಂಡಿಯೂ ಇದ್ದಾನೆ. ಇಲ್ಲದ್ದು ಒಡೆತನ. ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಗಟಾರ, ಒಳರಸ್ತೆ ಪುರಸಭೆಯದು. ಕಂಬ ಹೆಸ್ಕಾಂನದು. ಬಸ್‌ಸ್ಟ್ಯಾಂಡ್ ವಾಯವ್ಯ ಸಾರಿಗೆಯದು. ವಾಹನ ನಿಲುಗಡೆಯ ಮೇಲೆ ಕಣ್ಣಿಡುವುದು ಪೊಲೀಸರ ಕೆಲಸ. ಆರಡಿ ಜಾಗದಲ್ಲಿ ಇಷ್ಟು ಇಲಾಖೆಗಳ ಗಡಿ. ‘ಅದು ನಮಗ ಬರೂದಿಲ್ರಿ’ ಎಂಬ ಉತ್ತರ ಯಾವ ಬಾಗಿಲಲ್ಲೂ ಸಿಗುತ್ತದೆ, ಪ್ರತಿಯೊಂದೂ ಕಾಗದದ ಮೇಲೆ ನಿಜವೇ.

ಯಾರ ಹೊಣೆ ಏನು ಎಂಬ ಪ್ರಶ್ನೆ ಈ ಊರಿಗೆ ಹಳೆಯದು. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಇಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ (ಪ್ರಜಾವರ್ಗಗಳಿಗೂ) ಹಾಕಿಕೊಟ್ಟ ‘ಆಚಾರವ್ಯವಸ್ಥೆ’ಯ ಶಾಸನ ಲಕ್ಷ್ಮೇಶ್ವರದಲ್ಲೇ ಸಿಕ್ಕಿದೆ. ಅರಸನ ಅಧಿಕಾರಿಗಳು ಊರಿಗೆ ಏನು ಮಾಡಬೇಕು, ಊರವರು ಏನು ಸಲ್ಲಿಸಬೇಕು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಮನೆಗಳನ್ನು ದರ್ಜೆ ಮಾಡಿ ತೆರಿಗೆ ಗೊತ್ತುಮಾಡುತ್ತದೆ. ಖಾಲಿಬಿದ್ದ ಮನೆಗಳನ್ನು ಕಾಯುವುದೂ ಅಧಿಕಾರಿಗಳ ಕೆಲಸ ಎನ್ನುತ್ತದೆ. ಪಾಳುಮನೆಗೂ ಆಗ ಒಬ್ಬ ಹೊಣೆಗಾರನಿದ್ದ.

ದೊಡ್ಡ ನಗರಗಳಿಂದ ಏನು ಕಲಿಯಬಹುದು? ಎಲ್ಲವನ್ನೂ ಅಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ 450 ಸೈಕಲ್, 48 ನಿಲ್ದಾಣಗಳ ಒಳ್ಳೆಯ ಯೋಜನೆಯಾಗಿತ್ತು. ಕಾರ್ಡ್ ತೋರಿಸಿ ಸೈಕಲ್ ಒಯ್ದು ಇನ್ನೊಂದು ನಿಲ್ದಾಣದಲ್ಲಿ ಬಿಡಬಹುದಿತ್ತು. ಹುಬ್ಬಳ್ಳಿಯಲ್ಲೂ ಸ್ಮಾರ್ಟ್ ಸಿಟಿಯ ಹಣದಲ್ಲಿ ಅಂಥದ್ದು ಬಂತು. ಉಣಕಲ್ ನಾಲೆಯ ಗುಂಟ ನಡಿಗೆ-ಸೈಕಲ್ ದಾರಿ ಮಾಡಲು ಹೊರಟರು. ಲಕ್ಷ್ಮೇಶ್ವರಕ್ಕೆ ಇದಾವುದೂ ಬೇಡ ಎಂದು ನನಗನ್ನಿಸುತ್ತದೆ. ಇಲ್ಲಿ ಸೈಕಲ್ ಇಲ್ಲದ ಮನೆಗಿಂತ ಸೈಕಲ್ಲಿಗೆ ದೂಳು ಹಿಡಿದ ಮನೆ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದು, ಹೊಸದು ಕೊಳ್ಳುವುದೂ ತುಸು ಹಗುರಾಯಿತು. ಹಸಿರು ಬಣ್ಣ ಬಳಿದ ಪ್ರತ್ಯೇಕ ಸೈಕಲ್ ಪಥವನ್ನು ಬೆಂಗಳೂರಿನಲ್ಲೇ ಬೈಕುಗಳೂ ಪಾರ್ಕಿಂಗೂ ನುಂಗಿಹಾಕಿದ ಮೇಲೆ ಇಲ್ಲಿ ಉಳಿಯುತ್ತದೆಯೇ? ಗಾಡಿಗಳು ನಿಧಾನವಾಗಿ ಹೋಗುವ ಬೀದಿಯಲ್ಲಿ ಸೈಕಲ್ಲಿಗೆ ಬೇರೆ ಪಥ ಬೇಕಾಗುವುದೇ ಇಲ್ಲ.

ಹೋಲಿಕೆಗೆ ಸ್ಪೇನಿನ ಪೋಂಟೆವೆದ್ರ ಹೆಚ್ಚು ಹತ್ತಿರ. ಎಂಬತ್ತು ಸಾವಿರ ಚಿಲ್ಲರೆ ಜನರಿರುವ ಹಳೆಯ ಊರು; ನಮ್ಮದರಂತೆಯೇ ಮೋಟಾರು ಬರುವುದಕ್ಕೆ ಶತಮಾನಗಳ ಮುಂಚೆ ಕಟ್ಟಿದ್ದು. 1999ರಲ್ಲಿ ಮೇಯರ್ ಆದ ಮಿಗೆಲ್ ಆಂಕ್ಸೊ ಫೆರ್ನಾಂಡಿಸ್ ಲೋರೆಸ್ ಮೊದಲು ಹಳೆಯ ಪೇಟೆಯಿಂದ ಹಾದುಹೋಗುವ ಕಾರುಗಳನ್ನು ತೆಗೆಸಿದರು. ಸಾಮಾನು ಇಳಿಸುವ ಗಾಡಿಗೆ, ಮನೆಯವರ ಗಾಡಿಗೆ ಅವಕಾಶ ಉಳಿಯಿತು. ಫುಟ್‌ಪಾತಿಗೂ ರಸ್ತೆಗೂ ಎತ್ತರದ ವ್ಯತ್ಯಾಸವೇ ಇಲ್ಲದಂತೆ ಒಂದೇ ಸಮ ಕಲ್ಲು ಹಾಸಿದರು. ಊರೊಳಗಿನ ವೇಗ ಗಂಟೆಗೆ 30 ಕಿಲೋಮೀಟರಿಗೆ ಇಳಿಯಿತು. ನನಗೆ ಬಹಳ ಹಿಡಿಸಿದ್ದು ಅವರ ಒಂದು ನಕ್ಷೆ. ಮೆಟ್ರೊ ರೈಲಿನ ನಕ್ಷೆಯ ಹಾಗೆಯೇ ಬಣ್ಣದ ಗೆರೆಗಳು, ನಿಲ್ದಾಣಗಳು. ಆದರೆ ರೈಲಿಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ನಿಮಿಷ ಎಂದಷ್ಟೇ ಬರೆದಿದೆ. ದೂರವೆಂದು ತಿಳಿದದ್ದು ಆರು ನಿಮಿಷವಷ್ಟೇ ಎಂದು ಗೊತ್ತಾದರೆ ಗಾಡಿಯ ಕೀಲಿ ಗೂಟದಲ್ಲೇ ಉಳಿಯುತ್ತದೆ. ಬಸ್‌ಸ್ಟ್ಯಾಂಡ್, ಸೋಮೇಶ್ವರ ಗುಡಿ, ಶಂಖ ಬಸದಿ, ಜಾಮಿಯಾ ಮಸೀದಿ, ದೂದಪೀರಾಂ ದರ್ಗಾ – ಇವುಗಳ ನಡುವಿನ ನಿಮಿಷಗಳನ್ನು ಹೈಸ್ಕೂಲಿನ ಮಕ್ಕಳೇ ನಡೆದು ಅಳೆದು ಗೋಡೆಯ ಮೇಲೆ ಬರೆಯಬಹುದು. ಬಣ್ಣದ ಖರ್ಚು ಮಾತ್ರ. ಊರು ನೋಡಲು ಬಂದವರಿಗೂ ಅನುಕೂಲ.

ಗಾಡಿ ಬರದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ವ್ಯಾಪಾರಿಗಳ ಅಂಜಿಕೆ ಪೋಂಟೆವೆದ್ರದಲ್ಲೂ ಇತ್ತು, ಎಲ್ಲ ಊರಲ್ಲೂ ಇರುತ್ತದೆ. ನಮ್ಮ ಬಜಾರದಲ್ಲಿ ಸಂತೆಯ ದಿನ ಹೆಚ್ಚು ಕೊಳ್ಳುವವರು ಬಸ್ಸಿಳಿದು ನಡೆದು ಬಂದವರು ಎಂಬುದನ್ನು ಅಂಗಡಿಕಾರರೇ ಬಲ್ಲರು. ಅಂಗಡಿಯ ಮುಂದೆ ದಿನವಿಡೀ ನಿಂತಿರುವ ಬೈಕು ಬಹಳ ಸಲ ಅಂಗಡಿಯವನದ್ದೇ. ಬೀದಿ ವ್ಯಾಪಾರದವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಫುಟ್‌ಪಾತ್ ತೆರವು ಎಂದ ಕೂಡಲೇ ಮೊದಲು ಎತ್ತಂಗಡಿಯಾಗುವುದು ಕಾಯಿಪಲ್ಲೆ ಬುಟ್ಟಿ, ಕಾರು ಅಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗೊತ್ತುಮಾಡಬೇಕು ಎನ್ನುತ್ತದೆ. ಸೊಪ್ಪಿನ ಬುಟ್ಟಿ, ಚಹಾದ ಅಂಗಡಿ ಇರುವ ಬೀದಿಯಲ್ಲಿ ಕತ್ತಲಾದ ಮೇಲೂ ಹೆಂಗಸರು ಅಂಜದೆ ನಡೆಯುತ್ತಾರೆ.

ಬಿಸಿಲನ್ನು ಮರೆಯುವಂತಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹನ್ನೊಂದು ಗಂಟೆಗೇ ಡಾಂಬರು ಕಾದಿರುತ್ತದೆ. ರಸ್ತೆ ಅಗಲೀಕರಣದಲ್ಲಿ ಕಡಿದ ಬೇವು, ಹುಣಸೆಗಳಿಗೆ ಬದಲಿ ನೆಡಿಸುವುದು ಹೂವಿನ ಗಿಡಗಳನ್ನು. ಅದೂ ಕಬ್ಬಿಣದ ಬೇಲಿಯೊಳಗೆ, ಡಿವೈಡರಿನ ನಡುವೆ. ಅಲ್ಲಿ ನೆರಳು ಬಿದ್ದರೂ ಯಾರಿಗೆ? ನಡೆಯುವ ಅಂಚಿಗೆ ಮೂವತ್ತಡಿಗೊಂದು ಬೇವು ಬೇಕು. ನಾಲ್ಕೈದು ವರ್ಷಕ್ಕೆ ನೆರಳು ಬೀಳುತ್ತದೆ, ಪುರಸಭೆಯ ಒಂದು ಅವಧಿಯಷ್ಟೇ.

ಪುರಸಭೆಗಳು ವರ್ಷಕ್ಕೊಮ್ಮೆ ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತವೆ. ಹೋಗುವವರು ಕೈಬೆರಳೆಣಿಕೆ. ಕೇಳುವುದೂ ಬಹುತೇಕ ಒಂದೇ: ನಮ್ಮ ಓಣಿಗೆ ಗಟಾರ, ನಮ್ಮ ಓಣಿಗೆ ಸಿಮೆಂಟ್ ರಸ್ತೆ. ಗಟಾರವೇ ಕೇಳಲಿ, ತಪ್ಪಿಲ್ಲ. ಆದರೆ ನಗರೋತ್ಥಾನ ಯೋಜನೆಯ ಹಣದಲ್ಲಿ ಗಟಾರದ ಎಸ್ಟಿಮೇಟ್ ಮಾಡುವಾಗಲೇ ಮೇಲಿನ ಸ್ಲ್ಯಾಬು ಆರಡಿ ಅಗಲ, ಅರ್ಧ ಅಡಿ ಎತ್ತರ, ಬಸ್‌ಸ್ಟ್ಯಾಂಡಿನಿಂದ ಬಜಾರದವರೆಗೆ ಎಲ್ಲೂ ತುಂಡಾಗದಂತೆ ಎಂದು ಬರೆಸಬಹುದು. ಆಗ ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ. ಕಾಮಗಾರಿ ಮುಗಿದ ದಿನ ಬಿಲ್ಲಿಗೆ ಸಹಿ ಬೀಳುವ ಮುಂಚೆ ಒಬ್ಬರು ಟೇಪು ಹಿಡಿದು ಹೋಗಿ ನಿಲ್ಲಬೇಕು.